ಮೂವರು ನರಸಿಂಹಾಚಾರ್‌ಗಳು ಮತ್ತು ನಿಮ್ಮ ಆಕರ ಸೂಚಿ

ಗೆಳೆಯರೇ, ಎಲ್ಲರಿಗೂ ನಮಸ್ಕಾರ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಪ್ರಬಂಧದಲ್ಲಿ ಆಕರ ಉಲ್ಲೇಖಿಸಲು ಇರುವ ಎಪಿಎ, ಎಂಎಲ್‌ಎ, ಶಿಕಾಗೋ ಶೈಲಿಗಳಲ್ಲಿ ಅಲ್ಪವಿರಾಮ ಎಲ್ಲಿ ಬರಬೇಕು, ಚುಕ್ಕಿ ಎಲ್ಲಿ ಇಡಬೇಕು ಅಂತ ಬಾಯಿಪಾಠ ಮಾಡಬೇಡಿ. ಆ ಕೆಲಸ ಕಂಪ್ಯೂಟರ್ ಮಾಡುತ್ತದೆ. ಅದಕ್ಕೆ ಆಗದ ಕೆಲಸ ಬೇರೆ ಇದೆ. ನೀವು ಓದಿದ್ದು ಯಾವ ಆವೃತ್ತಿ? ಬರೆದವರ ಹೆಸರು ಯಾವ ಅಕ್ಷರದ ಕೆಳಗೆ ಬರಬೇಕು? ಓದುಗರು ಆ ಸಾಲನ್ನು ಹುಡುಕಿಕೊಂಡು ಹೋದರೆ ಅವರಿಗೆ ಸಿಗುತ್ತದಾ? ಇವತ್ತು ನಾನು ಜಾಸ್ತಿ ಮಾತಾಡುವುದು ಇದರ ಬಗ್ಗೆ.

ಶೈಲಿಗಳ ವಿಷಯ ಬೇಗ ಮುಗಿಸೋಣ. ಸಾಹಿತ್ಯದವರು ಸಾಮಾನ್ಯವಾಗಿ ಎಂಎಲ್‌ಎ ಬಳಸುತ್ತಾರೆ. ಅದರಲ್ಲಿ ಬರಹದ ನಡುವೆ ಲೇಖಕರ ಹೆಸರು, ಪುಟ ಸಂಖ್ಯೆ ಕೊಟ್ಟರೆ ಸಾಕು. ಮನೋವಿಜ್ಞಾನ, ಶಿಕ್ಷಣ, ಸಮಾಜ ವಿಜ್ಞಾನದವರಿಗೆ ಎಪಿಎ. ಅಲ್ಲಿ ಹೆಸರಿನ ಜೊತೆಗೆ ವರ್ಷ ಬರುತ್ತದೆ, ಯಾಕೆಂದರೆ ಆ ವಿಷಯಗಳಲ್ಲಿ ಅಧ್ಯಯನ ಎಷ್ಟು ಹೊಸದು ಅನ್ನುವುದು ಮುಖ್ಯ. ಇತಿಹಾಸದವರಿಗೆ ಶಿಕಾಗೋದ ಅಡಿಟಿಪ್ಪಣಿ ಇಷ್ಟ. ಎಂಜಿನಿಯರಿಂಗ್‌ನವರ ಐಇಇಇ ಶೈಲಿಯಲ್ಲಿ ಚೌಕ ಕಂಸದೊಳಗೆ ಬರೀ ಒಂದು ಸಂಖ್ಯೆ. ಈಗ ಚಾಲ್ತಿಯಲ್ಲಿರುವುದು ಎಪಿಎ 7ನೆಯ ಆವೃತ್ತಿ, 2021ರ ಎಂಎಲ್‌ಎ 9ನೆಯ ಆವೃತ್ತಿ, 2024ರ ಶಿಕಾಗೋ 18ನೆಯ ಆವೃತ್ತಿ. ನಿಮ್ಮ ಸೀನಿಯರ್ ಕೊಟ್ಟ ಹಳೆಯ ಝೆರಾಕ್ಸ್ ನೋಡಿಕೊಂಡು ಕೂರಬೇಡಿ. ಉದಾಹರಣೆಗೆ, ಪುಸ್ತಕ ಪ್ರಕಟವಾದ ಊರು ಬೇಕೇಬೇಕು ಅಂತ ಈ ಮೂರೂ ಈಗ ಕೇಳುವುದಿಲ್ಲ. ಆದರೂ ಹಳೆಯ ಕನ್ನಡ ಪುಸ್ತಕಗಳಿಗೆ ಊರು ಬರೆದಿಟ್ಟುಕೊಳ್ಳಿ ಅಂತಲೇ ನಾನು ಹೇಳುತ್ತೇನೆ. ಲೇಖಕರೇ ಅಚ್ಚು ಹಾಕಿಸಿದ ಪುಸ್ತಕ ಎಷ್ಟೋ ಇವೆ. ಅಲ್ಲಿ ಮೈಸೂರೋ ಧಾರವಾಡವೋ ಅನ್ನುವುದೇ ದೊಡ್ಡ ಸುಳಿವು.

ಈಗ ಹೆಸರಿಗೆ ಬರೋಣ. ಎಪಿಎ, ಎಂಎಲ್‌ಎ, ಶಿಕಾಗೋ ಮೂರೂ ಆಕರ ಸೂಚಿಯಲ್ಲಿ ಕುಟುಂಬದ ಹೆಸರು ಮೊದಲು, ಉಳಿದ ಹೆಸರು ಆಮೇಲೆ ಅನ್ನುತ್ತವೆ. ನಮ್ಮ ಕಡೆ ಕುಟುಂಬದ ಹೆಸರು ಎಲ್ಲಿದೆ? ತೀ.ನಂ. ಶ್ರೀಕಂಠಯ್ಯ ಅಂದರೆ ತೀರ್ಥಪುರ ಊರು, ನಂಜುಂಡಯ್ಯ ತಂದೆ, ಶ್ರೀಕಂಠಯ್ಯ ಅವರದೇ ಹೆಸರು. ಹಾಗಾಗಿ 'ಶ್ರೀಕಂಠಯ್ಯ, ತೀ.ನಂ.' ಅಂತ ತಿರುಗಿಸಿ ಬರೆದರೆ ನಡೆಯುತ್ತದೆ. ಆದರೆ ಮೇಲುಕೋಟೆಯ ಪು.ತಿ.ನ. ಅವರನ್ನು ಏನು ಮಾಡುತ್ತೀರಿ? 'ನರಸಿಂಹಾಚಾರ್, ಪು.ತಿ.' ಅಂತ ತಿರುಗಿಸಿದರೆ ಅವರು ಡಿ.ಎಲ್. ನರಸಿಂಹಾಚಾರ್, ಆರ್. ನರಸಿಂಹಾಚಾರ್ ಅವರ ಪಕ್ಕ ಹೋಗಿ ನಿಲ್ಲುತ್ತಾರೆ. ಒಬ್ಬರು ಕವಿ, ಇನ್ನಿಬ್ಬರು ವಿದ್ವಾಂಸರು. ಬರಹದ ನಡುವೆ ಸುಮ್ನೆ 'ನರಸಿಂಹಾಚಾರ್' ಅಂತ ಹಾಕಿದರೆ ಪರೀಕ್ಷಕರಿಗೆ ಯಾರು ಅಂತ ಹೇಗೆ ಗೊತ್ತಾಗಬೇಕು? ಕೊನೆಯ ಹೆಸರು ಒಂದೇ ಆದಾಗ ಇನಿಷಿಯಲ್ ಸೇರಿಸಿ ಅಂತ ಎಪಿಎ ಕೂಡ ಹೇಳುತ್ತದೆ. ಆ ನಿಯಮ ನಮಗೆ ದಿನಾ ಬೇಕು.

ಕಾವ್ಯನಾಮದ್ದು ಸುಲಭ. ಪುಸ್ತಕದ ಮೇಲೆ ಕುವೆಂಪು ಅಂತ ಇದ್ದರೆ ಕುವೆಂಪು ಅಂತಲೇ ಬರೆಯಿರಿ. ಅವರನ್ನು 'ಪುಟ್ಟಪ್ಪ, ಕೆ.ವಿ.' ಮಾಡಿ ಪ ಅಕ್ಷರದ ಕೆಳಗೆ ಅಡಗಿಸಿದರೆ ಯಾರೂ ಅಲ್ಲಿ ಹುಡುಕುವುದಿಲ್ಲ, ಅಲ್ವಾ? ಎರಡು ರೂಪಗಳಲ್ಲಿ ಯಾವುದನ್ನು ಆರಿಸಿದರೂ ಪೂರ್ತಿ ಪ್ರಬಂಧಕ್ಕೆ ಅದೇ ಇರಲಿ. ಆರಿಸಿದ ಪದ್ಧತಿಯನ್ನು ಪಟ್ಟಿಯ ಮೇಲೆ ಒಂದು ಸಾಲಿನಲ್ಲಿ ಹೇಳಿಬಿಡಿ.

ಇನ್ನು ಶಾಸನಗಳು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಇತಿಹಾಸದವರ ಪಟ್ಟಿ ಕೆಡುವುದು ಜಾಸ್ತಿ ಇಲ್ಲೇ. 'ಎ.ಕ. 3, ಮಂಡ್ಯ 14' ಅಂತ ಬರೆದಿರುತ್ತಾರೆ ಅಂತಿಟ್ಟುಕೊಳ್ಳಿ. ಎ.ಕ. ಅಂದರೆ ಎಪಿಗ್ರಾಫಿಯಾ ಕರ್ನಾಟಿಕಾ, ಶಾಸನಗಳನ್ನು ಅಚ್ಚು ಹಾಕಿದ ಸಂಪುಟಗಳ ಸರಣಿ. ಅದು ಎರಡು ಸಲ ಬಂದಿದೆ. ಬಿ.ಎಲ್. ರೈಸ್ ಅವರ ಹಳೆಯ ಆವೃತ್ತಿ ಒಂದು. ನಮ್ಮ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಹೊರತಂದ ಪರಿಷ್ಕೃತ ಆವೃತ್ತಿ ಇನ್ನೊಂದು. ರೈಸ್ ಅವರ ಕಾಲದಲ್ಲಿ ಮಂಡ್ಯ ಮೈಸೂರು ಜಿಲ್ಲೆಯ ಒಂದು ತಾಲ್ಲೂಕು. ಅದು ಬೇರೆ ಜಿಲ್ಲೆಯಾದದ್ದು 1939ರಲ್ಲಿ. ಹಾಗಾಗಿ ಆ ತಾಲ್ಲೂಕಿನ ಶಾಸನಗಳು ಹಳೆಯದರಲ್ಲಿ 3ನೆಯ ಸಂಪುಟದಲ್ಲಿವೆ, ಪರಿಷ್ಕೃತದಲ್ಲಿ 7ನೆಯದರಲ್ಲಿ. ಯಾವ ಆವೃತ್ತಿ ಅಂತ ಹೇಳದೆ '3' ಅಂದರೆ ಓದುಗರು ಹೊಸ 3ನೆಯ ಸಂಪುಟ ತೆಗೆದು ಅದರಲ್ಲಿರುವ ನಂಜನಗೂಡಿನ ಶಾಸನಗಳಲ್ಲಿ ಅಲೆಯುತ್ತಾರೆ. 'ಪರಿಷ್ಕೃತ' ಅನ್ನುವ ಒಂದು ಪದ, ಊರಿನ ಹೆಸರು, ಶಾಸನದ ಕಾಲ, ಇಷ್ಟನ್ನು ಸೇರಿಸಿ. ಅಮೆರಿಕದಲ್ಲಿ ಕೂತು ಬರೆದ ಯಾವ ಕೈಪಿಡಿಯೂ ಇದನ್ನು ನಿಮಗೆ ಹೇಳಿಕೊಡುವುದಿಲ್ಲ.

ಪ್ರಾಚೀನ ಗ್ರಂಥಗಳದ್ದೂ ಇದೇ ಕಥೆ. ಇದೇ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಮೂಲ ಅಚ್ಚಾಯಿತು. 1915ರಲ್ಲಿ ಅವರದೇ ಇಂಗ್ಲಿಷ್ ಅನುವಾದ ಬಂತು. ಆಮೇಲೆ ಬೇರೆಯವರ ಸಂಪಾದನೆಗಳೂ ಬಂದವು. 'ಕೌಟಿಲ್ಯ, 1915, ಪು. 45' ಅಂತ ಬರೆದರೆ ಕೌಟಿಲ್ಯ ಮೈಸೂರಿನಲ್ಲಿ ಒಡೆಯರ ಕಾಲದಲ್ಲಿ ಕೂತು ಬರೆದ ಹಾಗಾಗುತ್ತದೆ! ಅನುವಾದಕರ ಹೆಸರು ಕೊಡಿ. ಪುಟದ ಬದಲು ಅಧಿಕರಣ, ಅಧ್ಯಾಯ ಕೊಡಿ. ಆಗ ಯಾವ ಮುದ್ರಣ ಕೈಯಲ್ಲಿದ್ದರೂ ಸಾಲು ಸಿಗುತ್ತದೆ. ಪಂಪ, ರನ್ನರ ಕಾವ್ಯಗಳಿಗೂ ಹಾಗೆಯೇ ಆಶ್ವಾಸ, ಪದ್ಯದ ಸಂಖ್ಯೆ.

ಕನ್ನಡ ಪ್ರಬಂಧಗಳ ಅಡಿಟಿಪ್ಪಣಿಯಲ್ಲಿ 'ಅದೇ, ಪು. 34' ಅಂತ ಬರೆಯುವ ರೂಢಿ ಇದೆ. ನನಗೆ ಅದು ಸ್ವಲ್ಪವೂ ಇಷ್ಟವಿಲ್ಲ. ಗೈಡ್ ಹೇಳಿದರು ಅಂತ ನಡುವೆ ಒಂದು ಪ್ಯಾರಾ ಸೇರಿಸುತ್ತೀರಿ, ಅದರ ಜೊತೆ ಹೊಸ ಟಿಪ್ಪಣಿ ಬರುತ್ತದೆ. ಕೆಳಗಿನ 'ಅದೇ' ಈಗ ಬೇರೆ ಪುಸ್ತಕವನ್ನು ತೋರಿಸುತ್ತಿರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಶಿಕಾಗೋ ಕೂಡ 2017ರ ಆವೃತ್ತಿಯಿಂದ ಅದರ ಬದಲು ಲೇಖಕರ ಹೆಸರು, ಚಿಕ್ಕ ಶೀರ್ಷಿಕೆ, ಪುಟ ಬರೆಯುವುದೇ ಒಳ್ಳೆಯದು ಅನ್ನುತ್ತಿದೆ.

ಕಂಪ್ಯೂಟರ್ ಮಾಡುತ್ತದೆ ಅಂದೆನಲ್ಲ, ಅದರ ಬಗ್ಗೆ ಎರಡು ಮಾತು. ಝೊಟೆರೋ ಉಚಿತ ತಂತ್ರಾಂಶ. ಪುಸ್ತಕದ ವಿವರ ಒಮ್ಮೆ ತುಂಬಿದರೆ ಎಪಿಎಯಿಂದ ಎಂಎಲ್‌ಎಗೆ ಒಂದೇ ಕ್ಲಿಕ್‌ನಲ್ಲಿ ಬದಲಾಗುತ್ತದೆ. ಆದರೆ ನೀವು ಕೊಟ್ಟ ಹೆಸರು ತಪ್ಪಿದ್ದರೆ ಅದು ಆ ತಪ್ಪನ್ನೇ ಅಂದವಾಗಿ ಜೋಡಿಸಿ ಕೊಡುತ್ತದೆ. ಟೈಪ್ ಮಾಡುವುದು ಯೂನಿಕೋಡ್‌ನಲ್ಲೇ ಇರಲಿ. ಹಳೆಯ ನುಡಿ ಫಾಂಟ್‌ಗಳಲ್ಲಿ ಕಾಣುವುದು ಕನ್ನಡ, ಒಳಗೆ ಕೂತಿರುವುದು ರೋಮನ್ ಸಂಕೇತ. ಅಕಾರಾದಿ ಮಾಡಿ ಅಂತ ಬಟನ್ ಒತ್ತಿದರೆ ಪಟ್ಟಿ ಚೆಲ್ಲಾಪಿಲ್ಲಿ. ಪಟ್ಟಿಯ ಪ್ರತಿ ನಮೂದಿನ ಎರಡನೆಯ ಸಾಲನ್ನು ಅರ್ಧ ಇಂಚು ಒಳಗೆ ತಳ್ಳಲು ಸ್ಪೇಸ್ ಬಾರ್ ಕುಟ್ಟಬೇಡಿ. ವರ್ಡ್‌ನಲ್ಲಿ ಕಂಟ್ರೋಲ್ ಮತ್ತು ಟಿ ಒಟ್ಟಿಗೆ ಒತ್ತಿ.

ಇನ್ನು ಕೃತಿಚೌರ್ಯ. ಯುಜಿಸಿಯ 2018ರ ನಿಯಮದಂತೆ ಬೇರೆಯವರ ಬರಹದ ಜೊತೆ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ ಅಂತ ಎಲ್ಲರಿಗೂ ಗೊತ್ತು. ಆಕರ ಹೇಳಿ ಉದ್ಧರಿಸಿದ ಭಾಗವನ್ನೂ ಆಕರ ಸೂಚಿಯನ್ನೂ ಆ ಲೆಕ್ಕದಿಂದ ಬಿಡುತ್ತಾರೆ ಅನ್ನುವುದು ಕೆಲವರಿಗೆ ಗೊತ್ತಿಲ್ಲ. ಆ ಹೆದರಿಕೆಗೆ ಉಲ್ಲೇಖಗಳನ್ನೇ ಕಿತ್ತುಹಾಕುವವರಿದ್ದಾರೆ. ಹಾಗೆ ಮಾಡಿದರೆ ಇಲ್ಲದ ಅಪರಾಧ ನೀವೇ ತಂದುಕೊಂಡಂತೆ.

ಊಟದ ನಂತರ ಅಭ್ಯಾಸ ಇದೆ. ನಿಮ್ಮ ಪಟ್ಟಿಯಿಂದ ಯಾವುದಾದರೂ ಐದು ನಮೂದು ಆರಿಸಿ ಪಕ್ಕದವರ ಕೈಗೆ ಕೊಡಿ. ಅವರು ಲೈಬ್ರರಿಗೆ ಹೋಗಿ ನೀವು ಹೇಳಿದ ಪುಟವನ್ನು ನಿಮ್ಮನ್ನು ಏನೂ ಕೇಳದೆ ತೆಗೆಯಬೇಕು. ಸಿಗದೇ ಹೋದವನ್ನು ಗುರುತು ಹಾಕಿಕೊಂಡು ಮೂರು ಗಂಟೆಗೆ ಇಲ್ಲಿಗೆ ಬನ್ನಿ. ಒಂದೊಂದಾಗಿ ಸರಿಮಾಡೋಣ.