ಹೆರಿಗೆ ರಜೆಯ ಸಂಬಳ ಯಾರು ಕೊಡಬೇಕು?

ಕೇಳುಗರೇ, ನಮಸ್ಕಾರ.

ಕೆಲಸದ ಸಂದರ್ಶನಕ್ಕೆ ಹೋದ ಹುಡುಗಿಗೆ ಇವತ್ತಿಗೂ ಒಂದು ಪ್ರಶ್ನೆ ಎದುರಾಗುತ್ತದೆ. "ಮದುವೆ ಆಗಿದೆಯಾ? ಮಕ್ಕಳು?" ಪಕ್ಕದಲ್ಲಿ ಕೂತ ಹುಡುಗನನ್ನು ಯಾರೂ ಹಾಗೆ ಕೇಳುವುದಿಲ್ಲ, ಅಲ್ವಾ? ಆ ಪ್ರಶ್ನೆಯ ಹಿಂದೆ ದುಡ್ಡಿನ ಲೆಕ್ಕ ಇದೆ.

ನಮ್ಮ ದೇಶದಲ್ಲಿ 2017ರಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಎರಡು ಮಕ್ಕಳವರೆಗೆ, ಪೂರ್ತಿ ಸಂಬಳದ ಜೊತೆ. ಬಾಣಂತಿಗೆ ಇದು ದೊಡ್ಡ ಆಸರೆ. ಆದರೆ ಆ ಆರು ತಿಂಗಳ ಸಂಬಳ ಸರ್ಕಾರದಿಂದ ಬರುವುದಿಲ್ಲ. ಮಾಲೀಕರೇ ಕೊಡಬೇಕು. ಹತ್ತು ಹದಿನೈದು ಜನರಿರುವ ಆಫೀಸಿಗೆ ಅದು ನಿಜವಾಗಿಯೂ ಭಾರ. ಹಾಗಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸುಮ್ನೆ ಹುಡುಗನನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ.

ಇ.ಎಸ್.ಐ., ಅಂದರೆ ನೌಕರರ ರಾಜ್ಯ ವಿಮೆಯ ದಾರಿ ಬೇರೆ. ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋಗುವ ಅಕ್ಕಂದಿರಿಗೆ ಇದು ಗೊತ್ತು. ಗಂಡಸಾಗಲಿ, ಹೆಂಗಸಾಗಲಿ, ಒಬ್ಬೊಬ್ಬರ ಸಂಬಳಕ್ಕೂ ಮಾಲೀಕರು ಶೇಕಡಾ 3.25ರಷ್ಟನ್ನು ಒಂದು ನಿಧಿಗೆ ಕಟ್ಟುತ್ತಾರೆ. ಹೆರಿಗೆ ಆದಾಗ ಹಣ ಆ ನಿಧಿಯಿಂದ ಬರುತ್ತದೆ. ಹೆಂಗಸನ್ನು ಸೇರಿಸಿಕೊಂಡರೆ ಸಂಬಳದ ಹೊರೆ ಜಾಸ್ತಿ ಅನ್ನುವ ಮಾತೇ ಇಲ್ಲ! ಆದರೆ ಇದಕ್ಕೆ ಸಂಬಳದ ಮಿತಿ ಇದೆ. 2017ರಲ್ಲಿ ಅದನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಿದರು. ಅದನ್ನು ದಾಟಿದವರ ಭಾರ ಮತ್ತೆ ಮಾಲೀಕರ ತಲೆಗೆ. ಈ ನಿಧಿ ಎಲ್ಲ ಹೆಣ್ಣುಮಕ್ಕಳಿಗೂ ಸಿಗಬೇಕು, ಗದ್ದೆಯಲ್ಲಿ ದುಡಿಯುವವರಿಗೂ ಸಿಗಬೇಕು ಅನ್ನುವುದು ನನ್ನ ಆಸೆ.

ಇನ್ನು, ರಜೆ ಉದ್ದವಾದರೆ ಮಕ್ಕಳು ಜಾಸ್ತಿ ಹುಟ್ಟುತ್ತಾರಾ? ಆಸ್ಟ್ರಿಯಾದಲ್ಲಿ 1990ರ ಜುಲೈನಿಂದ ಹುಟ್ಟಿದ ಮಕ್ಕಳ ತಾಯಂದಿರಿಗೆ ಒಂದು ವರ್ಷದ ರಜೆ ಎರಡು ವರ್ಷವಾಯಿತು. ಭತ್ಯೆ ಮಾಲೀಕರ ಜೇಬಿನಿಂದಲ್ಲ. ಜೂನ್‌ನಲ್ಲಿ ಹೆತ್ತವರನ್ನು ಜುಲೈನಲ್ಲಿ ಹೆತ್ತವರ ಜೊತೆ ಸಂಶೋಧಕರು ಹೋಲಿಸಿ ನೋಡಿದರು. ಜುಲೈನ ತಾಯಂದಿರು ಎರಡನೇ ಮಗುವನ್ನು ಹೆಚ್ಚಾಗಿ ಹೆತ್ತರು. ರಜೆ ಮುಗಿಯುವ ಹೊತ್ತಿಗೆ ಮತ್ತೆ ಬಸುರಿಯಾದರೆ, ಕೆಲಸಕ್ಕೆ ಹೋಗದೆಯೇ ಮುಂದಿನ ರಜೆ ಸಿಗುತ್ತಿತ್ತು. ಕೆಲಸಕ್ಕೆ ಮರಳುವುದು ತಡವಾಯಿತು, ನಿಜ. ವರ್ಷಗಳು ಕಳೆದಂತೆ ದುಡಿಮೆಯಲ್ಲಿ ಆ ವ್ಯತ್ಯಾಸ ಉಳಿಯಲಿಲ್ಲ.

ಕರ್ನಾಟಕದಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ 1.7 ಮಕ್ಕಳು. 2019ರಿಂದ 2021ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ಇದು. "ಇನ್ನೊಂದು ಮಗು ಬೇಕು, ಆದರೆ ಕೆಲಸ ಹೋಗುತ್ತದೆ" ಅನ್ನುವ ತಾಯಿಗೆ ರಜೆ ಇದ್ದರೆ ಸಾಲದು. ಮನೆಯಲ್ಲಿ ಕೈಜೋಡಿಸುವವರೂ ಬೇಕು. ಸ್ವೀಡನ್‌ನಲ್ಲಿ ಒಂದು ಮಗುವಿಗೆ ಸಿಗುವ 480 ದಿನಗಳ ರಜೆಯಲ್ಲಿ 90 ದಿನ ತಂದೆಯದೇ. ಅವನು ತೆಗೆದುಕೊಳ್ಳದಿದ್ದರೆ ಕಳೆದುಹೋಗುತ್ತದೆ. ನಮ್ಮಲ್ಲಿ ಕೇಂದ್ರ ಸರ್ಕಾರಿ ನೌಕರನಾದ ತಂದೆಗೆ 15 ದಿನ. ಖಾಸಗಿ ಕಂಪನಿಯಲ್ಲಿ ದುಡಿಯುವ ತಂದೆಗೆ ಕಾನೂನಿನಲ್ಲಿ ಒಂದು ದಿನವೂ ಇಲ್ಲ.