ನಡುವಯಸ್ಸಿನ ಪದವಿ: ಅರ್ಜಿಗೂ ಮೊದಲಿನ ಕೆಲಸ

ಕೇಳುಗರಿಗೆ ನಮಸ್ಕಾರ.

ಮಕ್ಕಳ ಓದು ಒಂದು ದಾರಿಗೆ ಹತ್ತಿದ ಮೇಲೆ, ಇಲ್ಲವೇ ಬಡ್ತಿಗೆ ಡಿಗ್ರಿ ಬೇಕು ಅಂದಾಗ, ಅರ್ಧಕ್ಕೆ ಬಿಟ್ಟ ಓದನ್ನು ಮತ್ತೆ ಹಿಡಿಯುವವರು ಹುಬ್ಬಳ್ಳಿ-ಧಾರವಾಡದಲ್ಲೂ ಗದಗ, ಹಾವೇರಿ ಕಡೆಯಲ್ಲೂ ಬಹಳ ಮಂದಿ ಇದ್ದಾರೆ. "ಈ ವಯಸ್ಸಿನಾಗ ತಗೋತಾರೇನ್ರೀ?" ಅನ್ನುವುದೇ ಅವರ ಮೊದಲ ಪ್ರಶ್ನೆ. ತಗೋತಾರೆ. ದೂರಶಿಕ್ಷಣ ಕೊಡುವ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿಎ, ಬಿಕಾಂ ಓದಲು ವಯಸ್ಸಿನ ಮೇಲ್ಮಿತಿ ಇಲ್ಲ. ಅರ್ಜಿ ಹೆಚ್ಚಾಗಿ ಎಡವುವುದು ಹೆಸರಿನ ವಿಷಯದಲ್ಲಿ.

ದೂರಶಿಕ್ಷಣಕ್ಕೆ ಸೇರುವವರು ಈಗ ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ, ಡಿಇಬಿ ಐಡಿ (ಆಯೋಗದ ದೂರಶಿಕ್ಷಣ ವಿಭಾಗ ಕೊಡುವ ಗುರುತಿನ ಸಂಖ್ಯೆ) ಮಾಡಿಸಿಕೊಳ್ಳಬೇಕು. ಅದಕ್ಕೆ ಎಬಿಸಿ ಐಡಿ (ಓದಿನ ಕ್ರೆಡಿಟ್ ಜಮೆಯಾಗುವ ಆನ್‌ಲೈನ್ ಖಾತೆಯ ಸಂಖ್ಯೆ) ಬೇಕು, ಎಬಿಸಿಗೆ ದಾಖಲೆ ಇಡುವ ಸರ್ಕಾರಿ ಆ್ಯಪ್ ಡಿಜಿಲಾಕರ್, ಡಿಜಿಲಾಕರಿಗೆ ಆಧಾರ್, ಆಧಾರಿಗೆ ಜೋಡಿಸಿದ ಮೊಬೈಲ್ ನಂಬರು. ಆ ನಂಬರು ಬಂದ್ ಆಗಿದ್ದರೆ ಒಟಿಪಿ ಬರುವುದಿಲ್ಲ, ಕೆಲಸ ಅಲ್ಲಿಗೇ ನಿಂತಿತು. ಪ್ರವೇಶದ ಪ್ರಕಟಣೆ ಬರುವ ಎರಡು ತಿಂಗಳು ಮೊದಲೇ ಆಧಾರ್ ಕೇಂದ್ರಕ್ಕೆ ಹೋಗಿ ನಂಬರು ಸರಿಮಾಡಿಸಿಟ್ಟುಕೊಳ್ಳಿ.

ಇನ್ನು ಹೆಸರಿನ ವಿಷಯ. ನಮ್ಮ ಕಡೆ ಹೆಸರಿನ ನಡುವೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಹೆಣ್ಣುಮಕ್ಕಳಿಗೆ ಮದುವೆಯಾದ ಮೇಲೆ ಎರಡೂ ಬದಲಾಗುತ್ತವೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಸಾವಿತ್ರಿ ಬಸಪ್ಪ ಅಂಗಡಿ, ಆಧಾರಿನಲ್ಲಿ ಸಾವಿತ್ರಿ ಮಂಜುನಾಥ ಪಾಟೀಲ ಎಂದಿದ್ದರೆ ಕಂಪ್ಯೂಟರಿನ ಲೆಕ್ಕದಲ್ಲಿ ಇಬ್ಬರು ಬೇರೆ ಬೇರೆ. ಇಂಗ್ಲಿಷಿನಲ್ಲಿ ಸಾವಿತ್ರಿಯ 'ತ್ರಿ'ಗೆ ಒಂದು ಕಡೆ ಬರೀ ಟಿ, ಇನ್ನೊಂದು ಕಡೆ ಟಿ ಜೊತೆ ಎಚ್ ಇದ್ದರೂ ತಕರಾರೇ. ಅಕ್ಷರದ ವ್ಯತ್ಯಾಸವಾದರೆ ಅಂಕಪಟ್ಟಿಯಲ್ಲಿದ್ದಂತೆ ಆಧಾರನ್ನೇ ತಿದ್ದಿಸುವುದು ಒಳ್ಳೆಯದು. ಆದರೆ ಆಧಾರಿನಲ್ಲಿ ಹೆಸರು ತಿದ್ದಲು ಅವಕಾಶ ಎರಡೇ ಸಲ, ಹುಟ್ಟಿದ ದಿನಾಂಕಕ್ಕೆ ಒಂದೇ ಸಲ. ಕೌಂಟರಿನಲ್ಲಿ ಟೈಪ್ ಮಾಡಿದ್ದನ್ನು ಒಂದೊಂದೇ ಅಕ್ಷರ ಓದಿ ನೋಡಿದ ಮೇಲೆಯೇ ಒಪ್ಪಿಗೆ ಕೊಡಿ. ಅಡ್ಡಹೆಸರೇ ಬೇರೆಯಾಗಿದ್ದರೆ ಅವಸರ ಬೇಡ. ಬ್ಯಾಂಕು, ರೇಷನ್ ಕಾರ್ಡು ಎಲ್ಲ ಆ ಆಧಾರಿಗೇ ಜೋಡಣೆಯಾಗಿರುತ್ತವೆ. ಮದುವೆ ನೋಂದಣಿ ಪತ್ರ ಮತ್ತು ನೋಟರಿ ಅಫಿಡವಿಟ್ ಸಾಕಾಗುತ್ತದೆಯೇ ಎಂದು ವಿಶ್ವವಿದ್ಯಾಲಯದ ಪ್ರಾದೇಶಿಕ ಕೇಂದ್ರದಲ್ಲಿ ಮೊದಲು ವಿಚಾರಿಸಿ.

ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಕಚೇರಿ ಮೈಸೂರಿನಲ್ಲಿದ್ದರೂ ಧಾರವಾಡದಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ. ಕನ್ನಡದಲ್ಲೇ ಬಿಎ ಓದಬೇಕೆನ್ನುವವರಿಗೆ ಇದೇ ಅನುಕೂಲ. ಇಗ್ನೋದ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ, ಪಾಠಪುಸ್ತಕಗಳು ಬಹುತೇಕ ಇಂಗ್ಲಿಷ್, ಹಿಂದಿಯಲ್ಲಿರುತ್ತವೆ. ಯಾವುದೇ ಆಗಲಿ, ಹಣ ಕಟ್ಟುವ ಮೊದಲು ಆ ಕೋರ್ಸಿಗೆ ಆ ವರ್ಷ ಯುಜಿಸಿ ಮಾನ್ಯತೆ ಇದೆಯೇ ಎಂದು ಯುಜಿಸಿಯ ಪಟ್ಟಿಯಲ್ಲೇ ನೋಡಿ. ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೇ 2013-14ರಿಂದ ಕೆಲವು ವರ್ಷ ಮಾನ್ಯತೆ ತಪ್ಪಿತ್ತು, 2018ರಲ್ಲಿ ಮರಳಿ ಸಿಕ್ಕಿತು. ಆ ನಡುವೆ ಸೇರಿದವರು ಪಟ್ಟ ಪಾಡು ಸಣ್ಣದಲ್ಲ. ಎಂಜಿನಿಯರಿಂಗ್, ನರ್ಸಿಂಗ್, ಕಾನೂನು ಪದವಿಗಳನ್ನು ದೂರಶಿಕ್ಷಣದಲ್ಲಿ ಕೊಡಿಸುತ್ತೇವೆ ಎನ್ನುವ ಏಜೆಂಟರ ಮಾತಿಗೆ ಮರುಳಾಗಬೇಡಿ. ಅವಕ್ಕೆ ಅನುಮತಿಯೇ ಇಲ್ಲ.

ಪಿಯುಸಿ ಆಗದವರು? ಡಿಗ್ರಿಗೆ ನೇರ ದಾರಿ ಹುಡುಕುವ ಬದಲು ಎನ್‌ಐಒಎಸ್‌ನಲ್ಲಿ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಪಿಯುಸಿಗೆ ಸಮನಾದ ಸೀನಿಯರ್ ಸೆಕೆಂಡರಿ ಕಟ್ಟಿ. ಅದಕ್ಕೆ ಹತ್ತನೆಯ ತರಗತಿ ಪಾಸಾಗಿರಬೇಕು. ವಿಷಯ ಐದು. ಪರೀಕ್ಷೆ ಬರೆಯಲು ಐದು ವರ್ಷದೊಳಗೆ ಒಂಬತ್ತು ಅವಕಾಶ. ಒಂದೇ ಸಲಕ್ಕೆ ಎಲ್ಲ ಬರೆಯಬೇಕೆಂದೇನೂ ಇಲ್ಲ. ಪಾಸಾದ ವಿಷಯ ಪಾಸಾಗಿಯೇ ಉಳಿಯುತ್ತದೆ. ಹಗಲೆಲ್ಲ ದುಡಿಯುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಸಿಗಲಾರದು.

ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕಳೆದಿದ್ದರೆ ನೀವು ಪರೀಕ್ಷೆ ಕಟ್ಟಿದ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಾಣಿ. ನಕಲು ಪ್ರತಿಯ ಅರ್ಜಿ ಅವರ ಮೂಲಕ ಪರೀಕ್ಷಾ ಮಂಡಳಿಗೆ ಹೋಗಬೇಕು. ರಿಜಿಸ್ಟರ್ ನಂಬರು, ಪಾಸಾದ ತಿಂಗಳು, ವರ್ಷ ಗೊತ್ತಿದ್ದರೆ ಕೆಲಸ ಬೇಗ ಸಾಗುತ್ತದೆ.

ಸೇರಿದ ಮೇಲೂ ಎಚ್ಚರ ಬೇಕು. ಇಗ್ನೋದಲ್ಲಿ ಪ್ರವೇಶ ಶುಲ್ಕ ಕಟ್ಟಿದ ಮಾತ್ರಕ್ಕೆ ಪರೀಕ್ಷೆಗೆ ಹೆಸರು ಹತ್ತುವುದಿಲ್ಲ. ಪರೀಕ್ಷೆಯ ಫಾರ್ಮೇ ಬೇರೆ, ಶುಲ್ಕವೂ ಬೇರೆ. ಮನೆಯಲ್ಲೇ ಬರೆದು ಕೊಡುವ ಅಸೈನ್‌ಮೆಂಟಿಗೆ ಸಾಮಾನ್ಯವಾಗಿ ನೂರಕ್ಕೆ 30ರಷ್ಟು ತೂಕವಿದೆ, ಪರೀಕ್ಷೆ ಚೆನ್ನಾಗಿ ಬರೆದರೂ ಅದನ್ನು ಕೊಡದಿದ್ದರೆ ವಿಷಯ ಪೂರ್ತಿಯಾಗುವುದಿಲ್ಲ. ಮೊದಲ ವರ್ಷದ ಫಲಿತಾಂಶಕ್ಕೆ ಕಾಯುತ್ತ ಕೂತವರು ಎರಡನೆಯ ವರ್ಷದ ಮರುನೋಂದಣಿ ತಪ್ಪಿಸಿಕೊಳ್ಳುತ್ತಾರೆ. ಫಲಿತಾಂಶ ಬರಲಿ ಬಿಡಲಿ, ಮರುನೋಂದಣಿಯ ಕೊನೆಯ ದಿನಾಂಕದೊಳಗೆ ಶುಲ್ಕ ಕಟ್ಟಿ ರಸೀದಿ ಇಟ್ಟುಕೊಳ್ಳಿ.