ಕಾರವಾರದಲ್ಲಿ ಅಪ್ಪನಿಗೊಂದು ಮಧ್ಯಾಹ್ನದ ಊಟದ ಜಾಗ

ನಮಸ್ಕಾರ, ಹೇಗಿದ್ದೀರಿ ಎಲ್ಲರೂ? ಈಗ ಬೆಳಗ್ಗೆ ಏಳೂವರೆ. ಹಿಂದೆ ಕಾಣುತ್ತಿರುವುದು ಅಪ್ಪ ಅಮ್ಮನ ಕಾಲೊನಿಯ ಗೇಟು. ಕಾರವಾರ ಪೇಟೆಯಿಂದ ರಿಕ್ಷಾದಲ್ಲಿ ಹತ್ತು ನಿಮಿಷ. ಇಲ್ಲಿ ಹೆಚ್ಚುಕಡಿಮೆ ಎಲ್ಲರೂ ರಿಟೈರ್ ಆದವರು. ಬ್ಯಾಂಕಿನವರು, ಬಂದರಿನವರು, ಮಾಸ್ತರರು, ಅಕ್ಕೋರು, ಕೈಗಾ ಅಣುಸ್ಥಾವರದವರು. ಮಕ್ಕಳು ಬೆಂಗಳೂರು, ಪುಣೆ, ದುಬೈ ಅಂತ ಚದುರಿದ್ದಾರೆ. ನಾನೂ ಬೆಂಗಳೂರು.

ಹೋದ ತಿಂಗಳು ಅಮ್ಮನಿಗೆ ಮೊಣಕಾಲು ಆಪರೇಷನ್ ಆಯಿತು. ಇನ್ನೂ ಒಂದೂವರೆ ತಿಂಗಳು ಒಲೆ ಮುಂದೆ ನಿಲ್ಲುವ ಹಾಗಿಲ್ಲ. ಅಪ್ಪ ಅನ್ನ ಇಡುತ್ತಾರೆ, ಚಹಾ ಮಾಡುತ್ತಾರೆ, ಅಷ್ಟೇ. ರಾತ್ರಿಗೆ ಗಂಜಿ, ಉಪ್ಪಿನಕಾಯಿ ನಡೆಯುತ್ತದೆ. ಮಧ್ಯಾಹ್ನಕ್ಕೆ ಏನು ಮಾಡೋದು? ನಾನು ಭಾನುವಾರ ರಾತ್ರಿ ಬಸ್ ಹತ್ತಬೇಕು. ಅಷ್ಟರೊಳಗೆ ಅಪ್ಪ ನಂಬಿ ಹೋಗುವಂಥ ಎರಡು ಜಾಗವಾದರೂ ಸಿಗಲೇಬೇಕು.

ಮೊದಲು ಮೊಬೈಲಲ್ಲಿ ಹುಡುಕಿದೆ. ನಾಲ್ಕೂವರೆ ಸ್ಟಾರ್ ಇರುವ ಹೋಟೆಲು ಬೇಕಾದಷ್ಟಿವೆ. ಆದರೆ ಆ ಸ್ಟಾರ್ ಕೊಟ್ಟವರು ಯಾರು? ಗೋವಾಕ್ಕೆ ಹೋಗುತ್ತಾ ಗಾಡಿ ನಿಲ್ಲಿಸಿದವರು. ಟಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆ ಮ್ಯೂಸಿಯಂ ನೋಡಿ, ಹಸಿದು ಬಂದು ಒಂದು ಸಲ ಉಂಡವರು. ಹಸಿದಾಗ ಎಲ್ಲವೂ ರುಚಿ. ಅಪ್ಪ ದಿನಾ ಉಣ್ಣಬೇಕು, ಬಿಪಿ ಬೇರೆ ಇದೆ. ಆ ಸ್ಟಾರ್ ನಮಗೆ ಉಪಯೋಗವಿಲ್ಲ.

ಈಗ ಬರುತ್ತಿರುವ ಶಾಟ್ ಮೊನ್ನೆಯದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನನಗೆ ಇನ್ನೂ ಸಿಟ್ಟು ಇಳಿದಿಲ್ಲ. ಹೈವೇ ಪಕ್ಕದ ದೊಡ್ಡ ಹೋಟೆಲು. ಎಸಿ ಇತ್ತು, ಒರಗಿ ಕೂರುವ ಕುರ್ಚಿ ಇತ್ತು, ಅಪ್ಪನಿಗೆ ಆರಾಮ ಅಂತ ಕರೆದುಕೊಂಡು ಹೋದೆ. ಮೆನು ಕಾರ್ಡಿನಲ್ಲಿ ಬಂಗಡೆಗೆ ರೇಟ್ ಇದೆ, ಶೆಟ್ಲಿಗೆ, ಅಂದರೆ ಸಿಗಡಿಗೆ, ರೇಟ್ ಇದೆ. ಪಾಂಪ್ಲೆಟ್ ಮೀನಿನ ಎದುರಿಗೆ ಮಾತ್ರ ‘ಎಪಿಎಸ್’ ಅಂತ ಬರೆದಿದ್ದಾರೆ. ಅಪ್ಪ ಅದನ್ನು ಯಾವುದೋ ಮಸಾಲೆ ಹೆಸರು ಅಂದುಕೊಂಡರು. ಸೈಜ್ ಪ್ರಕಾರ ಅಂತ ಅದರ ಅರ್ಥ. ವೇಟರ್ ‘ಮೀಡಿಯಂ ಇದೆ ಮೇಡಂ’ ಅಂದ. ನಾನು ರೇಟ್ ಕೇಳಲಿಲ್ಲ. ಅಪ್ಪನ ಎದುರು ಕೇಳಿದರೆ ಅವರು ತಕ್ಷಣ ಬೇಡ ಅನ್ನುತ್ತಾರೆ. ತುಂಬಾ ದಿನದ ಮೇಲೆ ಪಾಂಪ್ಲೆಟ್ ತಿನ್ನಲಿ ಅಂತ ಸುಮ್ಮನಾದೆ.

ಬಂದ ಮೀನು ನನ್ನ ಅಂಗೈಗಿಂತ ಒಂದು ಬೆರಳು ಉದ್ದ. ಮೇಲೆ ಕೆಂಪು ಮಸಾಲೆ ದಪ್ಪಗೆ ಮೆತ್ತಿದ್ದರು. ಬೆರಳು ಹಾಕಿದರೆ ಒಳಗಿನ ಮಾಂಸ ಮೆತ್ತಗೆ, ಹಿಟ್ಟಿನ ಹಾಗೆ ಕಲಸಿಹೋಗುತ್ತಿತ್ತು. ತಾಜಾ ಮೀನು ಹಾಗಿರುವುದಿಲ್ಲ. ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ಅಪ್ಪನಿಗೂ ಗೊತ್ತಾಯಿತು, ಆದರೆ ಮಗಳು ಕರೆದುಕೊಂಡು ಬಂದಿದ್ದಾಳೆ ಅಂತ ಏನೂ ಹೇಳದೆ ಪೂರ್ತಿ ತಿಂದರು. ಬಿಲ್ ಬಂತು. ಆ ಒಂದು ಮೀನಿಗೆ 900 ರೂಪಾಯಿ. ಅಪ್ಪ ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಓದಿದರು. ಮಡಚಿ ಅಂಗಿ ಕಿಸೆಯಲ್ಲಿಟ್ಟರು. ‘ಒಂದು ಗ್ಯಾಸ್ ಸಿಲಿಂಡರ್ ಬರ್ತಿತ್ತಲ್ಲೇ ಮಗಾ’ ಅಂದರು. ಅಷ್ಟೇ. ಆಮೇಲೆ ಮನೆಗೆ ಬರುವವರೆಗೂ ಮಾತಿಲ್ಲ.

ದುಡ್ಡು ಹೋಯಿತು ಅಂತ ನನಗೆ ಬೇಜಾರಿಲ್ಲ. ಮೀನಿಗೆ ತೂಕ ನೋಡಿ ರೇಟ್ ಹಾಕುವುದು ತಪ್ಪೂ ಅಲ್ಲ, ದಿನಾ ಒಂದೇ ಬೆಲೆ ಇರುವುದಿಲ್ಲ. ಆದರೆ ಮೊದಲೇ ಹೇಳಬೇಕು ಅಲ್ವಾ? ಹಸಿ ಮೀನನ್ನು ತಟ್ಟೆಯಲ್ಲಿ ತಂದು ತೋರಿಸಿ, ಇದಕ್ಕೆ ಇಷ್ಟಾಗುತ್ತದೆ ಅಂತ ಹೇಳಿ, ನಾವು ಹೂಂ ಅಂದ ಮೇಲೆ ಕಾವಲಿಗೆ ಹಾಕುವ ಜಾಗಗಳಿವೆ. ಅದು ಸರಿಯಾದ ಕ್ರಮ. ಪೆನ್ಷನ್ ಮೇಲೆ ಬದುಕುವವರು ತಿಂಗಳ ಲೆಕ್ಕವನ್ನು ಒಂದನೇ ತಾರೀಕಿಗೇ ಬರೆದಿಟ್ಟಿರುತ್ತಾರೆ. ಅವರ ತಟ್ಟೆಗೆ ರೇಟ್ ಹೇಳದೆ ಮೀನು ಹಾಕಬಾರದು.

ಸರಿ, ಶಾಟ್ ಬದಲಾಯಿತು. ಇದು ನಿನ್ನೆ ಸಂಜೆ, ಕಾಲೊನಿಯ ಅರಳಿಕಟ್ಟೆ. ಐದು ಗಂಟೆಗೆ ಎಲ್ಲರೂ ಇಲ್ಲಿ ಸೇರುತ್ತಾರೆ. ಇವರನ್ನು ಮೊದಲೇ ಕೇಳಬೇಕಿತ್ತು. ಮೂಲೆಮನೆಯವರು ಕೈಗಾದಲ್ಲಿದ್ದವರು. ಅಲ್ಲಿನ ಒಂದನೇ ಘಟಕ 962 ದಿನ ನಿಲ್ಲದೆ ಓಡಿ 2018ರ ಕೊನೆಗೆ ವಿಶ್ವದಾಖಲೆ ಮಾಡಿತಲ್ಲ, ಆ ಸುದ್ದಿ ಬಂದರೆ ಅವರ ಮುಖ ಅರಳುತ್ತದೆ. ನನಗೂ ಕೇಳಲು ಖುಷಿ. ಹತ್ತು ನಿಮಿಷ ಅದೇ ಮಾತಾಯಿತು. ಆಮೇಲೆ ಊಟಕ್ಕೆ ಬಂದೆವು.

ಇವರು ನೋಡುವುದೇ ಬೇರೆ. ಮೆಟ್ಟಿಲು ಎಷ್ಟು? ಕೈ ಹಿಡಿಯಲು ಸರಳು ಇದೆಯಾ? ಹನ್ನೆರಡೂವರೆಗೆ ಊಟ ಸಿದ್ಧ ಇರುತ್ತದೆಯಾ? ಮಾತ್ರೆ ತಗೊಳ್ಳುವವರು ಎರಡು ಗಂಟೆವರೆಗೆ ಕಾಯಲು ಆಗುವುದಿಲ್ಲ. ಅರ್ಧ ಅನ್ನ ಕೊಡುತ್ತಾರಾ? ಉಂಡ ಮೇಲೆ ಐದು ನಿಮಿಷ ಕೂತರೆ ಮುಖ ಸಿಂಡರಿಸುತ್ತಾರಾ? ನಾನು ಬರೀ ರುಚಿ, ರೇಟು ಅಂತ ಯೋಚಿಸುತ್ತಿದ್ದೆ.

ಒಬ್ಬರು ಹೊಳೆಯಾಚೆ ಸದಾಶಿವಗಡದ ಕಡೆ ಒಂದು ಒಳ್ಳೇ ಹೋಟೆಲ್ ಹೇಳಿದರು. ಅಪ್ಪ ಬೇಡವೇ ಬೇಡ ಅಂದರು. 2024ರ ಆಗಸ್ಟಿನಲ್ಲಿ ಕಾಳಿ ನದಿಯ ಹಳೇ ಸೇತುವೆ ನಡುರಾತ್ರಿ ಕುಸಿದು ಲಾರಿಯೊಂದು ನೀರಿಗೆ ಬಿತ್ತು, ನೆನಪಿದೆಯಾ? ಚಾಲಕ ಬದುಕಿ ಬಂದ. ಆವತ್ತಿನಿಂದ ಊಟಕ್ಕೋಸ್ಕರ ಹೊಳೆ ದಾಟುವುದು ಅಪ್ಪನಿಗೆ ಮನಸ್ಸಿಲ್ಲ. ಬಲವಂತ ಮಾಡಲಿಲ್ಲ.

ಕಡೆಗೆ ಎದುರುಮನೆ ಅಕ್ಕೋರು ಹೇಳಿದ್ದು ಕೇಳಿ. ‘ಹೋಟೆಲಿನವರನ್ನು ಕೇಳಬೇಡ, ಮೀನು ಮಾರುವವರನ್ನು ಕೇಳು. ಯಾರು ತಾಜಾ ಒಯ್ತಾರೆ, ಯಾರು ಉಳಿದದ್ದು ಒಯ್ತಾರೆ ಅಂತ ಅವರಿಗೇ ಗೊತ್ತು.’

ಅದಕ್ಕೇ ಇವತ್ತು ಬೆಳಗ್ಗೆ ಮೀನುಪೇಟೆ. ಗದ್ದಲ ಜಾಸ್ತಿ, ಆಡಿಯೋ ಸರಿ ಬಂದಿಲ್ಲ, ನಾನೇ ಹೇಳುತ್ತೇನೆ. ಆ ಹಸಿರು ಸೀರೆಯ ಅಮ್ಮನ ಬುಟ್ಟಿ ನೋಡಿ. ಬಂಗಡೆಯ ಬೆನ್ನ ಮೇಲಿನ ಗೆರೆ ಇನ್ನೂ ಹೊಳೆಯುತ್ತಿದೆ. ಒಂದು ಬಂಗಡೆ ಎತ್ತಿ ಕಿವಿರು ಬಿಡಿಸಿ ನನಗೆ ತೋರಿಸಿದರು, ಒಳಗೆ ಕಡುಕೆಂಪು. ‘ಎಂತದು ತಂಗಿ, ಮೀನು ತಗೊಳ್ಳೂದೋ, ಬರೀ ಫೋಟೋ ತೆಗೆಯೂದೋ?’ ಅಂತ ಕೇಳಿದರು. ಎರಡೂ ಅಂದೆ. ಅರ್ಧ ಡಜನ್ ತಗೊಂಡು, ಅಪ್ಪನ ವಿಷಯ ಹೇಳಿದೆ. ಅವರು ಒಂದು ಖಾನಾವಳಿ ಹೇಳಿದರು. ಜೊತೆಗೆ ಇನ್ನೊಂದು ಮಾತು ಹೇಳಿದರು, ಅದು ನನಗೆ ಬಹಳ ಹಿಡಿಸಿತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ, ಮೀನು ಮರಿಮಾಡುವ ಕಾಲ. ‘ಆಗ ಮೆನು ಸಣ್ಣ ಮಾಡೂ ಹೋಟ್ಲು ಒಳ್ಳೇದು. ಆಗಲೂ ಎಲ್ಲಾ ಮೀನು ಇದೆ ಅಂಬವ ಐಸಿಂದು ಹಾಕ್ತ.’

ಅವರು ಹೇಳಿದ ಖಾನಾವಳಿ ಯಾವುದು ಅಂದರೆ, ನಿನ್ನೆ ನಾನು ಹೊರಗಿನಿಂದ ನೋಡಿ ‘ಕತ್ತಲೆ ಇದೆ, ಇದು ಬೇಡ’ ಅಂತ ವಿಡಿಯೋದಲ್ಲೇ ಹೇಳಿದ್ದೆ, ಅದೇ! ಆ ಮಾತು ವಾಪಸ್ ತಗೊಳ್ಳುತ್ತೇನೆ. ಒಳಗೆ ಆರು ಟೇಬಲ್, ನೆಲ ಒಣಗಿದೆ, ಕಿಟಕಿಯಿಂದ ಗಾಳಿ ಬರುತ್ತದೆ. ಮೆಟ್ಟಿಲು ಎರಡೇ. ಸರಳು ಇಲ್ಲ, ಅದೊಂದು ಕೊರತೆ. ನಾವು ಹೋದಾಗ ಹನ್ನೆರಡು ನಲವತ್ತು, ಅನ್ನದ ಹಬೆ ಇನ್ನೂ ಏಳುತ್ತಿತ್ತು.

ಕ್ಯಾಮೆರಾ ಹತ್ತಿರ ತಂದಿದ್ದೇನೆ, ನೋಡಿ. ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು, ತಿಸ್ರೆ ಅಂದರೆ ಚಿಪ್ಪುಮೀನಿನ ಸುಕ್ಕೆ, ಮುರುಗಲ ಹುಳಿಯ ಸೋಲ್ ಕಡಿ. ಸಾರಿನಲ್ಲಿ ಕಪ್ಪಗೆ, ಬಾಯಿ ಬಿಟ್ಟುಕೊಂಡು ತೇಲುತ್ತಿರುವುದು ಜುಮ್ಮನಕಾಯಿ, ಒಂದು ಕಾಡುಮಸಾಲೆ. ಒಳಗಿನ ಬೀಜ ತೆಗೆದು ಬರೀ ಸಿಪ್ಪೆ ಹಾಕುತ್ತಾರೆ. ಬಂಗಡೆ, ತಾರ್ಲೆಯಂಥ ಎಣ್ಣೆ ಜಾಸ್ತಿ ಇರುವ ಮೀನಿಗೆ ಇದು ಬೇಕೇ ಬೇಕು, ವಾಸನೆ ಕಟ್ಟಿಹಾಕುತ್ತದೆ. ಹೈವೇ ಹೋಟೆಲಿನ ಸಾರಿನಲ್ಲಿ ಇದರ ಸುಳಿವೇ ಇರಲಿಲ್ಲ. ಅಪ್ಪ ಮೊದಲ ತುತ್ತಿಗೇ ತಲೆ ಎತ್ತಿ ನನ್ನನ್ನು ನೋಡಿದರು. ನನಗೆ ಅಷ್ಟು ಸಾಕಾಯಿತು.

ಬಡಿಸುವವರು ಒಣ ಶೆಟ್ಲಿ ಚಟ್ನಿ ತಂದರು. ಅಪ್ಪ ಬಿಪಿ ಅಂದರು. ‘ಹಂಗಾದ್ರೆ ಇದು ಬೇಡ ಅಣ್ಣ, ಉಪ್ಪು ಜಾಸ್ತಿ. ಸಾರಿಗೆ ಉಪ್ಪು ಕಮ್ಮಿ ಮಾಡೂದು ಆಗೂದಿಲ್ಲ, ಎಲ್ಲರದ್ದೂ ಒಂದೇ ಪಾತ್ರೆ. ಸಾರು ಕಮ್ಮಿ ಹಾಕ್ತೆ, ಹುರಿದ ಮೀನು ತಿನ್ನಿ’ ಅಂದರು. ಸುಳ್ಳು ಭರವಸೆ ಇಲ್ಲ, ಆಗುವುದನ್ನು ಹೇಳಿದರು. ಊಟಕ್ಕೆ 150, ರವೆ ಹಚ್ಚಿದ ಬಂಗಡೆ ಫ್ರೈಗೆ 80. ಎರಡೂ ಗೋಡೆಯ ಮೇಲೆ ಬರೆದಿದೆ. ನಾನು ಆ ಗೋಡೆಯನ್ನೇ ಎರಡು ನಿಮಿಷ ಶೂಟ್ ಮಾಡಿದ್ದೇನೆ.

ಸೋಮವಾರ ಅಪ್ಪ ಮೀನು ಮುಟ್ಟುವುದಿಲ್ಲ. ಅದಕ್ಕೂ ಅಕ್ಕೋರೇ ದಾರಿ ಹೇಳಿದರು. ಸಿರ್ಸಿ ಕಡೆಯ ಒಬ್ಬ ಅಕ್ಕ ಮನೆಯಲ್ಲೇ ಅಡುಗೆ ಮಾಡಿ ಕಾಲೊನಿಗೆ ಕಳಿಸುತ್ತಾರೆ. ಒಂದೆಲಗದ ತಂಬುಳಿ, ಪಲ್ಯ, ಅಪ್ಪೆಹುಳಿ. ತಂಬುಳಿ, ಅನ್ನ ಒಂದು ಊಟವೇ ಅಲ್ಲ ಅಂತ ನಾನು ಯಾವಾಗಲೂ ವಾದ ಮಾಡುತ್ತಿದ್ದೆ. ಅಕ್ಕೋರ ಡಬ್ಬದಿಂದ ಸ್ವಲ್ಪ ತಿಂದು ನೋಡಿದೆ. ಈ ಸೆಕೆಗೆ ಅದಕ್ಕಿಂತ ಹಿತವಾದ್ದು ಇಲ್ಲ.

ಕೊನೆಯ ಶಾಟ್, ಮನೆ. ಖಾನಾವಳಿಯಿಂದ ಅಮ್ಮನಿಗೆ ಕ್ಯಾರಿಯರಿನಲ್ಲಿ ಸಾರು ತಂದಿದ್ದೇವೆ. ಅಮ್ಮ ಕಾಲು ಸ್ಟೂಲ್ ಮೇಲಿಟ್ಟುಕೊಂಡು, ಮುಚ್ಚಳ ತೆಗೆದು ಮೂಸಿ ನೋಡಿದರು. ‘ಜುಮ್ಮನಕಾಯಿ ಈ ವರ್ಷದ್ದು’ ಅಂದರು. ಉಂಡರು. ‘ಹುಳಿ ಒಂಚೂರು ಕಮ್ಮಿ. ನಾಳೆನೂ ತನ್ನಿ.’

ಬೆಳಗ್ಗೆ ತಗೊಂಡ ಬಂಗಡೆ ಇನ್ನೂ ಫ್ರಿಜ್ಜಿನಲ್ಲಿದೆ, ಅದನ್ನು ಈಗ ನಾನು ಹುರಿಯಬೇಕು. ಅಪ್ಪ ಆಗಲೇ ಕ್ಯಾರಿಯರ್ ತೊಳೆದು ಬಾಗಿಲ ಪಕ್ಕ ಬೋರಲು ಹಾಕಿದ್ದಾರೆ. ನಾಳೆ ಹನ್ನೆರಡೂ ಕಾಲಿಗೆ ಹೊರಡಬೇಕಂತೆ, ಕಿಟಕಿ ಪಕ್ಕದ ಟೇಬಲ್ ಬೇಕಂತೆ. ಬ್ಯಾಟರಿ ಮುಗಿಯುತ್ತಾ ಬಂತು, ಸಿಗೋಣ.